ಹದಿನಾಲ್ಕರ ಮೇಲಿನ ಅರ್ಧ ಮಾತ್ರೆ

ಸ್ಟಾಫ್ ನೊಟೇಶನ್ ಟೈಪ್ ಮಾಡಲು ಬರುತ್ತದೆಯೇ ಎಂದು ಧಾರವಾಡದ ಸಂಗೀತದ ಸರ್ ಕೇಳಿದಾಗ ನಾನು ಬರುತ್ತದೆ ಅಂದೆ. ಬರುತ್ತಿರಲಿಲ್ಲ. ಐದು ಗೆರೆಗಳ ಮೇಲೆ ಕಪ್ಪು ಚುಕ್ಕೆಗಳಿರುವ ಆ ಬರವಣಿಗೆಯನ್ನು ಅದುವರೆಗೆ ಲಗ್ನಪತ್ರಿಕೆಯ ಅಂಚಿಗೆ ಚೆಂದ ಕಾಣಲೆಂದು ಹಾಕಿದ್ದೆ, ಅಷ್ಟೆ. ಆದರೆ ಆ ಸುಳ್ಳಿನ ಸಲುವಾಗಿ ಇದನ್ನು ಬರೆಯುತ್ತಿಲ್ಲ. ಎರಡು ವಾರ ಕೂತು ಕಲಿತು ಅದನ್ನು ನಿಜ ಮಾಡಿಕೊಂಡೆ. ನಾನು ಹೇಳಬೇಕಾದದ್ದು ಆಮೇಲಿನದು.

ಹಳೇ ಹುಬ್ಬಳ್ಳಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ನನ್ನ ಕೆಲಸ. ಓದಿದ್ದು ಏಳನೇ ಇಯತ್ತೆ. ಟೈಪಿಂಗ್ ಕಲಿತದ್ದು ಅಂಗಡಿಯಲ್ಲೇ, ನೋಡಿ ನೋಡಿ. ಒಂದು ಕಡೆ ಲ್ಯಾಮಿನೇಶನ್ ಯಂತ್ರ, ಇನ್ನೊಂದು ಕಡೆ ಕಾಗದದ ರಿಮ್ಮುಗಳ ರಾಶಿ, ನಡುವೆ ಗೋಡೆಗೆ ಹತ್ತಿದ ಕಂಪ್ಯೂಟರ್. ನಾನು ಒಮ್ಮೆ ಒಳಗೆ ಹೋಗಿ ಕೂತರೆ ಎದ್ದು ಬರಬೇಕಾದರೆ ರಿಮ್ಮು ಸರಿಸಬೇಕು. ಹಾಗಾಗಿ ಏಳುತ್ತಿರಲಿಲ್ಲ.

ಸರ್ ಅವರಿಗೆ ಬೇಕಾಗಿದ್ದದ್ದು ಕರಡಿ ಮಜಲಿನ ಲಿಪಿ. ಕರಡಿ ಎಂದರೆ ಕೊರಳಿಗೆ ಹಾಕಿಕೊಂಡು ನುಡಿಸುವ ಎರಡು ಮುಖದ ದೊಡ್ಡ ಚರ್ಮವಾದ್ಯ. ಶಹನಾಯಿಯ ಜೊತೆ ಅದು ಮೆರವಣಿಗೆಯ ಮುಂದೆ ನಡೆಯುತ್ತದೆ, ಆ ಮೇಳಕ್ಕೇ ಕರಡಿ ಮಜಲು ಎನ್ನುವುದು. ಸರ್ ಅದನ್ನು ವೇದಿಕೆಗೆ ತರಲು ಹೊರಟಿದ್ದರು. ಪಿಟೀಲು, ಕೀಬೋರ್ಡ್, ಡ್ರಮ್ ಪ್ಯಾಡ್ ನುಡಿಸುವವರು ಬೇರೆ ಊರುಗಳಿಂದ ಬರುವವರಿದ್ದರು. ನಾಲ್ಕು ದಿನದ ತಾಲೀಮು, ಐದನೇ ದಿನ ಧಾರವಾಡದಲ್ಲಿ ಕಾರ್ಯಕ್ರಮ.

"ಕರಡಿಯವರು ಕಾಗದ ನೋಡೂದಿಲ್ಲ, ಬರೋ ಮಂದಿ ಕಾಗದ ಬಿಟ್ಟು ಮತ್ತೇನೂ ನೋಡೂದಿಲ್ಲ," ಎಂದರು ಸರ್. "ನಡುವ ಎರಡೂ ಬಲ್ಲವರು ಒಬ್ಬರು ಬೇಕಾಗೇದ. ನಿಮ್ಮ ಅಣ್ಣ ಕರಡಿ ನುಡಸ್ತಾರ, ನೀವು ಟೈಪ್ ಮಾಡ್ತೀರಿ. ಇದಕ್ಕಿಂತ ಛಲೋ ಜೋಡಿ ಎಲ್ಲಿ ಸಿಗಬೇಕು?"

ಆ 'ನಿಮ್ಮ ಅಣ್ಣ' ಎಂಬ ಮಾತಿಗೆ ನಾನು ಹೂಂ ಅಂದದ್ದು. ಅದರ ಹಿಂದಿನ ವರ್ಷ ಉಣಕಲ್ ಹತ್ತಿರ ಸ್ಕೂಟರಿನಿಂದ ಬಿದ್ದು ಅಣ್ಣನ ಬಲಭುಜದ ಕೀಲು ತಪ್ಪಿತ್ತು. ಗಾಡಿ ಓಡಿಸುತ್ತಿದ್ದವಳು ನಾನು. ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದೆ, ಅವನು ನನ್ನ ಮೇಲಿಂದ ಹಾರಿ ಬಿದ್ದ. ಭುಜ ಕೂಡಿಕೊಂಡಿತು, ಆದರೆ ಮೆರವಣಿಗೆಯವರು ಅವನನ್ನು ಕರೆಯುವುದು ಬಿಟ್ಟರು. ಎರಡು ತಾಸು ನಿಂತು ಹೊಡೆಯುವ ಕೈ ಅಲ್ಲ ಅದು ಇನ್ನು, ಎಂದು ಓಣಿಯಲ್ಲಿ ಆಡಿಕೊಂಡರು. ಅವನು ಬೇರೆಯವರ ವಾದ್ಯಗಳಿಗೆ ಚರ್ಮ ಬಿಗಿದು ಕೊಡುತ್ತ ಮನೆಯಲ್ಲಿ ಉಳಿದ. ಈ ಕಾರ್ಯಕ್ರಮ ಅವನು ಮತ್ತೆ ಮಂದಿಯ ಮುಂದೆ ನಿಲ್ಲುವ ದಾರಿಯಾಗಿತ್ತು. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಸಾಫ್ಟ್‌ವೇರಿನ ವಾದ್ಯಗಳ ಪಟ್ಟಿಯಲ್ಲಿ ಕರಡಿ ಇರಲಿಲ್ಲ. ಯಾವುದೋ ಒಂದು ಚರ್ಮವಾದ್ಯವನ್ನು ಆರಿಸಿ, ಅದರ ಹೆಸರು ಅಳಿಸಿ, ನಮ್ಮದನ್ನು ಬರೆದೆ. ಆಮೇಲೆ ಹೊಡೆತಗಳ ನಕ್ಷೆ. ಒಂದೊಂದು ಹೊಡೆತಕ್ಕೂ ಯಂತ್ರ ಕೇಳುತ್ತದೆ: ಯಾವ ಗೆರೆಯ ಮೇಲೆ ಕೂರಬೇಕು, ತಲೆ ಯಾವ ಆಕಾರದ್ದು, ಕಡ್ಡಿ ಮೇಲಕ್ಕೋ ಕೆಳಕ್ಕೋ, ಯಾವ ಕೀಲಿ ಒತ್ತಿದರೆ ಬರಬೇಕು. ಬಲಗೈಯ ತೆರೆದ ಹೊಡೆತಕ್ಕೆ ದುಂಡು ತಲೆ, ಮುಚ್ಚಿದ ಹೊಡೆತಕ್ಕೆ ಅಡ್ಡಗೆರೆಯ ತಲೆ, ಎರಡಕ್ಕೂ ಕಡ್ಡಿ ಮೇಲೆ. ಎಡಗೈಯದು ಗೆರೆಯ ಕೆಳಗೆ, ಕಡ್ಡಿ ಕೆಳಗೆ. ಎಡಗೈ ಚರ್ಮವನ್ನು ಒತ್ತಿ ಉಜ್ಜಿದಾಗ ಬರುವ ಗುರ್ ಎನ್ನುವ ಸದ್ದಿಗೆ ಮೂರು ಮೂಲೆಯ ತಲೆ ಕೊಟ್ಟೆ. ಅದೊಂದಕ್ಕೇ ಎರಡು ದಿನ ಹಿಡಿಯಿತು, ಏಕೆಂದರೆ ಎಳೆದ ಸದ್ದು ಎಲ್ಲಿ ಮುಗಿಯುತ್ತದೆ ಎಂದು ಯಂತ್ರಕ್ಕೆ ಹೇಳಲೇಬೇಕು, ಅಣ್ಣನ ಕೈ ಅದನ್ನು ಯಾರಿಗೂ ಹೇಳುವುದಿಲ್ಲ.

ಬಲಗೈ ಒಂದು ಧ್ವನಿ, ಎಡಗೈ ಇನ್ನೊಂದು ಧ್ವನಿ ಎಂದು ಬರೆಯುವಾಗ ಒಂದು ಕೈ ಸುಮ್ಮನಿದ್ದಲ್ಲೆಲ್ಲ ಯಂತ್ರ ವಿರಾಮದ ಚಿಹ್ನೆ ತುಂಬುತ್ತದೆ. ಪುಟವೆಲ್ಲ ಇರುವೆ ಮುತ್ತಿದ ಹಾಗಾಗುತ್ತದೆ. ಅವನ್ನು ಒಂದೊಂದೇ ಆರಿಸಿ ಅಡಗಿಸಬೇಕು. ಅಡಗಿಸಿದ ವಿರಾಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಲೆಕ್ಕದಲ್ಲಿ ಇರುತ್ತದೆ. ಆ ಕಾಲವನ್ನೇ ಕತ್ತರಿಸಿ ತೆಗೆಯುವ ಆಜ್ಞೆ ಬೇರೆ ಇದೆ. ಅದನ್ನು ಒತ್ತಿದರೆ ಆ ಜಾಗವೇ ಇಲ್ಲವಾಗಿ ಮುಂದಿನದೆಲ್ಲ ಹಿಂದಕ್ಕೆ ಸರಿಯುತ್ತದೆ. ಎರಡರ ವ್ಯತ್ಯಾಸ ನನಗೆ ಚೆನ್ನಾಗಿ ತಿಳಿದಿತ್ತು. ತಿಳಿಯದೆ ಮಾಡಿದೆ ಎಂದು ಯಾರೂ ನನ್ನ ಪರವಾಗಿ ಹೇಳಬಾರದೆಂದು ಇದನ್ನು ಬರೆದಿದ್ದೇನೆ.

ನಡೆಯ ಹೊಡೆತಗಳೆಲ್ಲ ನನಗೆ ಬಾಯಿಪಾಠ. ಅಪ್ಪ ಅಣ್ಣನಿಗೆ ಕಲಿಸಿದ್ದು ಮುಂದಿನ ಪಡಸಾಲೆಯಲ್ಲಿ. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಹೆಣ್ಣುಮಕ್ಕಳಿಗೆ ಕರಡಿ ಕೊಡುವ ರೂಢಿ ನಮ್ಮಲ್ಲಿ ಇರಲಿಲ್ಲ. "ಎಷ್ಟು?" ಎಂದು ಅಪ್ಪ ಗದರಿದರೆ, "ಹದಿನಾಕು," ಎಂದು ಅಣ್ಣ ಹೇಳುವುದು, ಒಳಗಿಂದ ನಾನೂ ತುಟಿ ಆಡಿಸುವುದು. ಹದಿನಾಲ್ಕು ಮಾತ್ರೆಯ, ಅಂದರೆ ಹದಿನಾಲ್ಕು ಎಣಿಕೆಯ, ಸುತ್ತು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಒಂದು ಭಾನುವಾರ ಮುಂಜಾನೆ ಅಣ್ಣ ಪಡಸಾಲೆಯಲ್ಲಿ ಕೂತು ಮೂವತ್ತೆರಡು ಸುತ್ತು ನುಡಿಸಿದ, ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಶಹನಾಯಿ ಇರಲಿಲ್ಲ. ಅಪ್ಪನ ಕಾಲದಿಂದ ನಮ್ಮ ಜೊತೆ ನುಡಿಸುತ್ತಿದ್ದ ಶಹನಾಯಿ ಚಾಚಾ ದಮ್ಮಿನಿಂದಾಗಿ ಊದುವುದು ಬಿಟ್ಟಿದ್ದರು. ಸರ್ ಅವರ ಕಾರ್ಯಕ್ರಮದಲ್ಲಿ ಶಹನಾಯಿಯ ಪಾಲು ಕೀಬೋರ್ಡಿಗೆ ಹೋಗಿತ್ತು.

ರೆಕಾರ್ಡನ್ನು ನಿಧಾನ ಮಾಡಿ ಕೇಳುತ್ತ ಹೊಡೆತಗಳನ್ನು ತುಂಬಿದೆ. ಏಳು ಮಾತ್ರೆಗೊಂದು ಖಾನೆ, ಎರಡು ಖಾನೆಗೆ ಒಂದು ಸುತ್ತು. ಯಂತ್ರದ ಟಿಕ್ ಟಿಕ್ ಜೊತೆ ಹೋಲಿಸಿದಾಗ ಅಣ್ಣ ಪ್ರತಿ ಸುತ್ತಿನ ಕೊನೆಗೆ ಅರ್ಧ ಮಾತ್ರೆ ತಡವಾಗುತ್ತಿದ್ದ. ಮೊದಲು ಕೇಳಿಸಿದಂತೆಯೇ ಬರೆದೆ, ಅರ್ಧ ಮಾತ್ರೆಯ ವಿರಾಮ ಸೇರಿಸಿ. ಕೂಡಲೇ ಪ್ರತಿ ಎರಡನೇ ಖಾನೆಯ ಮೂಲೆಯಲ್ಲಿ ಒಂದು ಸಣ್ಣ ಕೂಡಿಸುವ ಚಿಹ್ನೆ ಮೂಡಿತು. ಅಳತೆಗಿಂತ ಹೆಚ್ಚಾಗಿದೆ ಎಂದು ಯಂತ್ರ ಹೇಳುವ ರೀತಿ ಅದು. ಅಚ್ಚಿನಲ್ಲಿ ಬರುವುದಿಲ್ಲ, ತೆರೆಯ ಮೇಲೆ ಮಾತ್ರ. ಮೂವತ್ತೆರಡು ಸುತ್ತಿಗೆ ಮೂವತ್ತೆರಡು ಚಿಹ್ನೆ.

ನಾನು ಅವನ್ನು ನೋಡಿದೆ, ನನಗೆ ಕಂಡದ್ದು ಅಣ್ಣನ ಭುಜ. ನಾನು ಕೆಡವಿದ ಭುಜ. ಸುತ್ತಿನ ಕೊನೆಯ ದೊಡ್ಡ ಹೊಡೆತಕ್ಕೆ ಕೈ ಎತ್ತಲು ಅವನಿಗೆ ಅಷ್ಟು ಹೊತ್ತು ಬೇಕಾಗುತ್ತಿದೆ ಎಂದುಕೊಂಡೆ. ಅದು ಸರ್ ಅವರ ಕಣ್ಣಿಗೆ ಬೀಳಬಾರದೆಂದು ಮೂವತ್ತೆರಡೂ ವಿರಾಮಗಳನ್ನು ಕತ್ತರಿಸಿ ತೆಗೆದೆ. ಖಾನೆಗಳು ಸರಿಯಾಗಿ ಕೂತವು. ಚಿಹ್ನೆಗಳು ಹೋದವು. ಅವನಿಗೆ ಒಳ್ಳೆಯದು ಮಾಡಿದೆ ಅನ್ನಿಸಿತು.

ಯಂತ್ರ ನುಡಿಸಿದ್ದನ್ನು ಅಣ್ಣನಿಗೆ ಕೇಳಿಸಿದೆ. ಅಂಗಡಿಯ ಹೊರಗೆ ನಿಂತು ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡ.

"ಇದೇನವಾ, ಎಣ್ಣಿ ಡಬ್ಬಿ ಬಡದಂಗೈತಿ?"

"ಸದ್ದು ಬ್ಯಾಡಪಾ, ಹೊಡ್ತ ಕೇಳು. ಬರೋಬರಿ ಅದಾವೇನು?"

ಅವನು ಎರಡು ಸುತ್ತು ಕೇಳಿ ನಕ್ಕ. "ಹೊಡ್ತ ಎಲ್ಲಾ ಅದಾವ. ಆದ್ರ ಯಾಕೋ ಬೆನ್ನ ಹತ್ತಿದಂಗ ಓಡಾಕತ್ತೇತಿ. ಮಷೀನ್ ಅಲ್ಲಾ, ಅದಕ್ಕೇನು ಕಾಲು ನೋಯ್ತಾವ?"

ಅವನು ಹೇಳಿದ್ದೇ ಸರಿ ಇತ್ತು. ನಾನೂ ನಕ್ಕೆ.

ಪುಟಗಳು ಅಚ್ಚಾದವು. ಸರ್ ಮುಖಪುಟದ ಕೆಳಗೆ ಲಿಪಿಕಾರರು ಎಂದು ನನ್ನ ಹೆಸರು ಹಾಕಿಸಿದರು. ಯಾವ ಕಾಗದದ ಮೇಲೂ, ರೇಷನ್ ಕಾರ್ಡು ಬಿಟ್ಟರೆ, ಅದುವರೆಗೆ ನನ್ನ ಹೆಸರು ಅಚ್ಚಾಗಿರಲಿಲ್ಲ. ಅಂಗಡಿಯ ಮಾಲೀಕರು ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿ ಗಾಜಿನ ಹಿಂದೆ ನಿಲ್ಲಿಸಿದರು.

ತಾಲೀಮು ನವನಗರದ ಒಂದು ಸಭಾಭವನದಲ್ಲಿ. ಕಾಗದದಲ್ಲಿ ತಿದ್ದುಪಡಿ ಬಂದರೆ ಅಲ್ಲೇ ಮಾಡಲೆಂದು ಸರ್ ನನ್ನನ್ನೂ ಕರೆದಿದ್ದರು. ವಿದ್ಯುತ್ ಪಾಯಿಂಟ್ ಇದ್ದದ್ದು ಮೂಲೆಯಲ್ಲಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಪ್ರಿಂಟರ್, ಮುಂದೆ ಲ್ಯಾಪ್‌ಟಾಪಿನ ಮೇಜು. ಇಲ್ಲಿಯೂ ಯಾರಾದರೂ ಮೇಜು ಸರಿಸದೆ ನಾನು ಹೊರಗೆ ಬರುವಂತಿರಲಿಲ್ಲ. ಎಂಟು ಜನ ನುಡಿಸುವವರು ಅರ್ಧ ಚಂದ್ರದ ಹಾಗೆ ಕೂತರು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಡುವೆ ನಿಂತಿದ್ದ. ಅವನೊಬ್ಬನ ಮುಂದೆ ಕಾಗದದ ಸ್ಟ್ಯಾಂಡ್ ಇರಲಿಲ್ಲ.

ಮೊದಲ ಸುತ್ತು ಎಲ್ಲರೂ ಕೂಡಿ ಹೋದರು. ಎರಡನೆಯದರ ಮೊದಲ ಹೊಡೆತಕ್ಕೆ ಎಂಟು ಜನ ಬಂದರು, ಅಣ್ಣ ಬರಲಿಲ್ಲ. ಅರ್ಧ ಮಾತ್ರೆಯ ಮೇಲೆ ಬಂದ. ನಾಲ್ಕನೇ ಸುತ್ತಿಗೆ ಅದು ಜಾತ್ರೆಯ ಗದ್ದಲವಾಯಿತು. ಸರ್ ಕೈ ಎತ್ತಿ ನಿಲ್ಲಿಸಿದರು. ಮತ್ತೆ ಮೊದಲಿಂದ. ಮತ್ತೆ ಅಲ್ಲೇ.

ನಾನು ಕತ್ತರಿಸಿ ತೆಗೆದದ್ದೇ ಅಲ್ಲಿ, ಎಲ್ಲರ ಮುಂದೆ, ನಿಂತಿತ್ತು. ಆ ದಿನ ನಾಲ್ಕು ಸಲ ಹೇಳಬೇಕೆಂದು ಬಾಯಿ ತೆರೆದೆ. ಮೊದಲ ಸಲ ಚಹಾ ಬಂತು. ಉಳಿದ ಮೂರು ಸಲ ಏನೂ ಅಡ್ಡ ಬರಲಿಲ್ಲ.

ಎರಡನೇ ದಿನ ಸರ್ ಅಣ್ಣನನ್ನು ಹತ್ತಿರ ಕರೆದರು. ಕಟುವಾಗಿ ಮಾತಾಡುವವರಲ್ಲ ಅವರು.

"ನಿಮ್ಮ ಎಣಿಕಿ ಎಷ್ಟ್ರಿ?"

"ಹದಿನಾಕರೀ."

"ಕಾಗದದಾಗೂ ಹದಿನಾಲ್ಕೇ ಅದ. ಅವರೆಲ್ಲಾ ಹದಿನಾಲ್ಕಕ್ಕ ಬಂದು ನಿಂದ್ರತಾರ. ನೀವೊಬ್ಬರೇ ಹಿಂದ ಉಳೀಲಿಕ್ಕೆ ಹತ್ತೀರಿ."

"ನಾನೂ ಹದಿನಾಕೇ ಹೊಡ್ಯಾಕತ್ತೇನ್ರೀ ಸರ. ದೇವರಾಣಿ."

"ನೀವು ಹೊಡ್ಯೂದ ನಾ ಕೇಳಲಿಕ್ಕೆ ಹತ್ತೇನಲ್ರಿ."

ಆಗ ಡ್ರಮ್ ಪ್ಯಾಡ್ ನುಡಿಸುವ ಕನ್ನಡಕದ ಹುಡುಗಿ ಕೈ ಎತ್ತಿದಳು. ಬೆಂಗಳೂರಿನವಳು.

"ಸರ್, ಒಂದ್ನಿಮಿಷ. ಇವರು ಪ್ರತಿ ಸಲಾನೂ ಒಂದೇ ಅಳತೆ ಲೇಟಾಗ್ತಿದ್ದಾರೆ. ಕರೆಕ್ಟಾಗಿ ಅರ್ಧ ಮಾತ್ರೆ. ಒಂಚೂರೂ ಹೆಚ್ಚು ಕಮ್ಮಿ ಇಲ್ಲ. ತಪ್ಪು ಮಾಡೋರು ಹಿಂಗೆ ಮಾಡಲ್ಲ." ಆಮೇಲೆ ನನ್ನ ಮೂಲೆಯ ಕಡೆ ತಿರುಗಿದಳು. "ಮೇಡಂ, ರೆಕಾರ್ಡಿಂಗಲ್ಲೂ ಹಿಂಗೇ ಇತ್ತಾ?"

ಎಲ್ಲರೂ ನನ್ನ ಕಡೆ ನೋಡಿದರು. ಅಣ್ಣನೂ ನೋಡಿದ. ಅವನ ಮುಖದಲ್ಲಿ ಆಸೆ ಇತ್ತು, ಅದನ್ನು ನಾನು ಮರೆಯಲಾರೆ. ಹೂಂ ಎಂಬ ಒಂದು ಅಕ್ಷರ ಸಾಕಿತ್ತು. ಆದರೆ ಹೂಂ ಅಂದರೆ ಮತ್ತೇಕೆ ಬರೆಯಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿಂದ ನೊಟೇಶನ್ ಎಲ್ಲಿ ಕಲಿತಿರಿ ಎಂಬ ಪ್ರಶ್ನೆ, ಎಷ್ಟು ಓದಿದ್ದೀರಿ ಎಂಬ ಪ್ರಶ್ನೆ. ನನ್ನನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಮೇಡಂ ಎಂದು ಕರೆದಿದ್ದರು.

"ನೋಡಬೇಕ್ರಿ," ಅಂದೆ. ತೆರೆಯ ಕಡೆ ಬಗ್ಗಿ, ಪುಟಗಳನ್ನು ಮೇಲೆ ಕೆಳಗೆ ಓಡಿಸಿ, ನೋಡುವವಳ ಹಾಗೆ ಮಾಡಿದೆ. "ಕಾಗದ ಬರೋಬರಿ ಐತ್ರಿ."

ಸರ್ ಹುಡುಗಿಗೆ ತಗ್ಗಿದ ದನಿಯಲ್ಲಿ, "ಹೋದ ವರ್ಷ ಅವರ ಭುಜಕ್ಕ ಪೆಟ್ಟಾಗೇದ, ಪಾಪ," ಎಂದರು. ಅಣ್ಣನಿಗೆ ಕೇಳಿಸಿತು.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಕೂತ. ಕರಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ, ಅದು ನಮ್ಮಿಬ್ಬರ ನಡುವೆ ಇತ್ತು. ಉಣಕಲ್ ದಾಟಿದ ಮೇಲೆ ಮಾತಾಡಿದ.

"ಕೈ ಹಿಂದ ಬೀಳಾಕತ್ತೇತಿ, ನನಗ ತಿಳಿಯಾಕತ್ತಿಲ್ಲ ನೋಡು. ನೋವಾದ್ರರ ತಿಳೀತೈತಿ. ನೋವೂ ಇಲ್ಲ."

ನಾನು ಟಿಕೆಟನ್ನು ಮಡಚುತ್ತಿದ್ದೆ.

"ನಿನ್ನ ಮೊಬೈಲಿನ್ಯಾಗ ಆ ಟಿಕ್ ಟಿಕ್ ಐತೆಲ್ಲ, ಅದನ್ನ ಹಚ್ಚಿಕೊಡು ಮನ್ಯಾಗ. ಕುಂತು ಬಡದು ನೋಡ್ತೇನಿ."

ಹಚ್ಚಿಕೊಟ್ಟೆ. ಸಂಜೆ ದೀಪ ಹಚ್ಚುವ ಹೊತ್ತಿನ ತನಕ ಅವನು ಪಡಸಾಲೆಯಲ್ಲಿ ತೊಡೆ ಬಡಿಯುತ್ತ ಕೂತ. ಹದಿನಾಲ್ಕಾದ ಮೇಲೆ ಕೈ ತನ್ನಷ್ಟಕ್ಕೆ ನಿಲ್ಲುತ್ತಿತ್ತು. ಅವನು ಅದಕ್ಕೆ ಬೈಯುತ್ತಿದ್ದ, ಮೆಲ್ಲಗೆ, ಹಟ ಮಾಡುವ ದನಕ್ಕೆ ಬೈಯುವ ಹಾಗೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಪ್ರತಿ ಸುತ್ತಿಗೂ ಅಷ್ಟೇ ತಡ. ನೋಯುವ ಭುಜ ಒಮ್ಮೆ ಹೆಚ್ಚು ತಡ ಮಾಡೀತು, ಒಮ್ಮೆ ಕಡಿಮೆ. ಹೀಗೆ ಅಳೆದು ತಡ ಮಾಡುವುದಿಲ್ಲ. ಆ ಹುಡುಗಿ ಒಂದು ದಿನದಲ್ಲಿ ಕಂಡದ್ದು ಮೂವತ್ತೆರಡು ಚಿಹ್ನೆ ಅಳಿಸಿದ ನನಗೆ ಮೊದಲೇ ಕಾಣಬೇಕಿತ್ತು. ಅದು ಏನೆಂದು ನನಗೆ ಗೊತ್ತಿರಲಿಲ್ಲ, ನಿಜ. ಭುಜವಲ್ಲ ಎಂಬುದಂತೂ ಆ ಸಂಜೆ ಗೊತ್ತಾಯಿತು. ಆದರೂ ಸುಮ್ಮನಿದ್ದೆ.

ಮೂರನೇ ದಿನ ಒಂದು ತಾಸು ಆಗಿರಬೇಕು. ಅಣ್ಣ ತಾನೇ ನಿಲ್ಲಿಸಿದ. ಕೊರಳಿಂದ ಕರಡಿ ತೆಗೆದು ಕೆಳಗಿಟ್ಟ. ಕನ್ನಡಕದ ಹುಡುಗಿಯ ಬಳಿ ಹೋಗಿ, "ಬಾಯಾರ, ನೀವ ನುಡಸ್ರಿ. ನಿಮ್ಮ ಕೈ ಕಾಗದದ ಮಾತು ಕೇಳ್ತೈತಿ," ಎಂದ. ಅವಳು ಬೇಡ ಬೇಡ ಎಂದಳು. ಅವನು ಕರಡಿ ಎತ್ತಿಕೊಂಡ. ಸರ್ ಅವನ ಹೆಗಲ ಮೇಲೆ ಕೈ ಇಟ್ಟು, ಮೆಲ್ಲಗೆ, ಎಡ ಹೆಗಲ ಮೇಲೆ, ಹೊರಗಿನವರೆಗೆ ಕಳಿಸಿ ಬಂದರು. ಮೇಜಿನ ಹಿಂದೆ ನಾನು ಎದ್ದು ನಿಂತೆ. ಯಾರೂ ಮೇಜು ಸರಿಸಲಿಲ್ಲ. ನಾನೂ ಸರಿಸಿರೆಂದು ಕೇಳಲಿಲ್ಲ. ಕೂತೆ. ಹುಡುಗಿ ಪ್ಯಾಡಿನ ಮೇಲೆ ಕರಡಿಯ ಪಾಲು ನುಡಿಸಿದಳು. ಹದಿನಾಲ್ಕಕ್ಕೆ ಎಲ್ಲರೂ ಕೂಡಿ ಬಂದರು.

ಮಧ್ಯಾಹ್ನ ನಾನು ಮನೆಗೆ ಬಂದಾಗ ಕರಡಿ ಗೂಟಕ್ಕೆ ತೂಗುತ್ತಿತ್ತು, ಹಗ್ಗ ಸಡಿಲಿಸಿ. ನಮ್ಮ ಮನೆಯಲ್ಲಿ ಸಾವಾದಾಗ ಮಾತ್ರ ಹಗ್ಗ ಸಡಿಲಿಸುತ್ತಾರೆ. ಅಪ್ಪ ಹೋದಾಗ ಸಡಿಲಿಸಿದ್ದೆವು.

ಮನೆಯಲ್ಲಿ ನಿಲ್ಲಲಾಗಲಿಲ್ಲ. ಓಣಿಯ ತುದಿಯಲ್ಲಿ ಶಹನಾಯಿ ಚಾಚಾ ಬೆತ್ತದ ಸ್ಟೂಲಿನ ಮೇಲೆ ಬಿಸಿಲಿಗೆ ಕೂತಿದ್ದರು. ಅವರ ಆಸ್ಪತ್ರೆಯ ಚೀಟಿಗಳ ಝೆರಾಕ್ಸ್ ನನ್ನ ಚೀಲದಲ್ಲೇ ಉಳಿದಿತ್ತು, ಕೊಡಲು ಹೋದೆ.

"ಏನ್ ಬೇಟಿ, ನಿನ್ನಿ ಸಂಜಿಕ ನಿಮ್ಮ ಮನಿ ಮುಂದ ಹಾದೆ, ಪಡಸಾಲ್ಯಾಗ ತೊಡಿ ಬಡಕೊಳ್ಳೂ ಸಪ್ಪಳ? ಕರಡಿ ಮಾರಿದ್ರೇನು?"

ಮೊಬೈಲ್ ತೆಗೆದು ಆ ಭಾನುವಾರದ ರೆಕಾರ್ಡ್ ಹಚ್ಚಿದೆ. ಚಾಚಾ ಕಣ್ಣು ಮುಚ್ಚಿ ಕೇಳಿದರು. ಬೆರಳುಗಳು ಮಂಡಿಯ ಮೇಲೆ, ಶಹನಾಯಿಯ ತೂತುಗಳ ಮೇಲೆ ಆಡಿದ ಹಾಗೆ ಆಡುತ್ತಿದ್ದವು. ಸುತ್ತು ಮುಗಿಯಿತು. ಅಣ್ಣನ ಕೈ ನಿಂತಲ್ಲಿ, ಆ ಅರ್ಧ ಮಾತ್ರೆಯಲ್ಲಿ, ಚಾಚಾ ಬಾಯಿ ತೆರೆದು ಸರಕ್ಕನೆ ಉಸಿರು ಎಳೆದರು. ಮುಂದಿನ ಸುತ್ತಿನ ಕೊನೆಗೆ ಮತ್ತೆ. ಅದರ ಮುಂದಿನದಕ್ಕೂ. ಅವರ ಎದೆ ಗೊರಗೊರ ಅನ್ನುತ್ತಿತ್ತು, ಆದರೂ ಉಸಿರು ಬಿದ್ದದ್ದು ಸರಿಯಾಗಿ ಅಲ್ಲೇ.

ನಾನು ರೆಕಾರ್ಡ್ ನಿಲ್ಲಿಸಿದೆ. "ಚಾಚಾ, ಅಲ್ಲಿ ನೀವೇನ್ ಮಾಡಿದ್ರಿ?"

"ಎಲ್ಲಿ?"

"ಸುತ್ತ ಮುಗಿದಲ್ಲಿ."

ಅವರು ನಕ್ಕರು, ನಗು ಕೆಮ್ಮಾಯಿತು. "ಅರೇ, ಉಸರ ತಗೊಂಡ್ನವಾ. ಊದಾವ ಮನಷ್ಯಾ ಅಲ್ಲೇನು? ನಿಮ್ಮ ಅಪ್ಪ ಬಿಟ್ಟ ಜಾಗಾ ಅದು. ಊದೂದ್ರಾಗ ನಾ ಇನ್ನೂ ಹೊಸಬ, ಓಣಿ ದಾಟೂದ್ರಾಗ ತೇಕತಿದ್ದೆ. ಒಂದಿನ ಅಂದಾ, ಸಾಬ, ಸುತ್ತಿಗೊಂದು ಅರ್ಧಾ ಮಾತ್ರಿ ನಿನಗ ಬಿಡ್ತೇನಿ, ಆರಾಮ ತಗೋ. ಅವತ್ತಿಂದ ಬಿಟ್ಟಾ. ನಿಮ್ಮ ಅಣ್ಣನೂ ಬಿಡ್ತಾನ."

"ಮತ್ತ ಹದಿನಾಕು ಅಂತಾರಲ್ರಿ ಎಲ್ಲಾರೂ?"

"ಹದಿನಾಕು ಕರಡೀದು. ಆ ಅರ್ಧಾ ನಂದು. ನಂದ್ಯಾಕ ನೀವು ಎಣಸ್ತೀರಿ?"

ಚೀಟಿ ಅವರ ಕೈಯಲ್ಲಿಟ್ಟು ಬಂದೆ.

ನಾಲ್ಕನೇ ದಿನ, ಕೊನೆಯ ತಾಲೀಮು. ಸಭಾಭವನಕ್ಕೆ ಎಲ್ಲರಿಗಿಂತ ಮೊದಲು ಹೋದೆ. ಮೂಲೆಗೆ ಹೋಗಿ ಕೂರಲಿಲ್ಲ. ಎಲ್ಲರೂ ಬರುವ ತನಕ ಬಾಗಿಲ ಹತ್ತಿರ ನಿಂತಿದ್ದೆ, ಕೂತರೆ ಮತ್ತೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಂಟು ಜನ ಬಂದು ಕೂತ ಮೇಲೆ ಅಂದೆ: "ಸರ್, ಕಾಗದ ತಪ್ಪೈತ್ರಿ. ನಮ್ಮಣ್ಣ ಬರೋಬರಿ ನುಡಿಸಿದ್ದಾ. ಅರ್ಧ ಮಾತ್ರಿ ಇತ್ತು, ನಾನ ತಗದೇನಿ."

ಚಾಚಾ ಹೇಳಿದ್ದನ್ನೂ ಹೇಳಿದೆ. ಹುಡುಗಿ ಕನ್ನಡಕ ತೆಗೆದು ಒರೆಸತೊಡಗಿದಳು.

ಸರ್ ತಮ್ಮ ಮುಂದಿನ ಪುಟಗಳನ್ನು ಮುಚ್ಚಿದರು. "ತಪ್ಪು ಅಂತ ನಿಮಗ ಯಾವಾಗ ಗೊತ್ತಾತು?"

"ಚಾಚಾ ಹೇಳಿದ್ದು ನಿನ್ನೆರಿ. ಆದ್ರ ಏನೋ ತಗದೇನಿ ಅಂಬೂದು ಮೊದಲನೇ ದಿನಾನ ಗೊತ್ತಿತ್ತ್ರಿ."

"ಮೊದಲನೇ ದಿನ ಹೇಳಿದ್ರ ಒಂದು ತಾಸಿನ ಕೆಲಸ ಇತ್ತು," ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಇವತ್ತ ಎಂಟು ಮಂದಿ ಮೈಯಾಗ ಹದಿನಾಲ್ಕು ಕೂತದ. ನಾಳೆ ಕಾರ್ಯಕ್ರಮ. ಈಗ ಕೆಡವಲಿಕ್ಕೆ ಆಗೂದಿಲ್ರಿ."

ಆ ಅರ್ಧ ಮಾತ್ರೆ ಸೇರಿಸಿ ಒಮ್ಮೆ ಪ್ರಯತ್ನ ಮಾಡಿದರು, ಅಷ್ಟನ್ನು ಹೇಳಬೇಕು. ಹುಡುಗಿ ಹಟ ಮಾಡಿದಳು. ಮೂರು ಸುತ್ತು ಆಗುವುದರಲ್ಲಿ ಕೀಬೋರ್ಡಿನವರು ಒಂದು ಕಡೆ, ಪಿಟೀಲಿನವರು ಇನ್ನೊಂದು ಕಡೆ ಹೋದರು. ಸರ್ ಕೈ ಇಳಿಸಿದರು.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಯಾರದೋ ಹಲಗೆವಾದ್ಯಕ್ಕೆ ಚರ್ಮ ನೆನೆಹಾಕುತ್ತಿದ್ದ. ಎಲ್ಲ ಕೇಳಿ, ಒದ್ದೆ ಕೈಯನ್ನೇ ನೋಡಿಕೊಳ್ಳುತ್ತ ಮೊದಲು ಕೇಳಿದ್ದು ಒಂದೇ ಮಾತು.

"ಅಂದ್ರ ನನ್ನ ಕೈ ಸುದ್ದ ಐತಿ?"

"ಐತಿ."

ಬಲಭುಜವನ್ನು ಒಮ್ಮೆ ಮೇಲೆತ್ತಿ ಇಳಿಸಿದ. ಮತ್ತೊಮ್ಮೆ. ಆಮೇಲೆ ಅಂದ, "ಅಪ್ಪ ಕಲಿಸುವಾಗ ಅಲ್ಲಿ ಎಡಗೈ ಹೀಂಗ ಬೀಸ್ತಿದ್ದ. ನೊಣಾ ಹೊಡೀತಾನೇನೋ ಅಂತ ತಿಳದಿದ್ದೆ." ಕೈ ಬೀಸಿ ತೋರಿಸಿದ. ಮೆಲ್ಲಗೆ ಪಕ್ಕಕ್ಕೆ, ಬರುವವರಿಗೆ ದಾರಿ ಬಿಡುವ ಹಾಗೆ. ಆ ಕೈ ಬೀಸಿದ್ದನ್ನು ನಾನು ನೋಡಿರಲೇ ಇಲ್ಲ. ನಾನು ಒಳಗಿದ್ದೆ.

ಅವನು ಕೈ ಒರೆಸಿಕೊಂಡ. "ಮೂರು ದಿನ ನೀ ಅಲ್ಲೇ ಕುಂತಿದ್ದಿ."

"ಹೌದು."

"ಆ ಚಷ್ಮಾದ ಹುಡುಗಿ ನಿನ್ನ ಕೇಳಿದ್ಲು."

"ಹೌದು."

"ಗಾಡಿ ಕೆಡವಿದ್ದಕ್ಕ ನಾ ನಿನಗ ಯಾವತ್ತಾರ ಒಂದು ಮಾತು ಅಂದೇನೇನು?"

"ಇಲ್ಲಣ್ಣಾ."

"ಅವತ್ತ ನಾಯಿ ಅಡ್ಡ ಬಂದಿತ್ತು. ಇದಕ್ಕ ಯಾವ ನಾಯಿ ಅಡ್ಡ ಬಂತು?"

ಅದಾದ ಮೇಲೆ ಅವನು ನನ್ನ ಜೊತೆ ಮಾತಾಡಲಿಲ್ಲ. ಬಡಿಸಿದ್ದು ಉಣ್ಣುತ್ತಿದ್ದ. ತಾಟು ತಾನೇ ತೊಳೆದಿಡುತ್ತಿದ್ದ.

ಕಾರ್ಯಕ್ರಮಕ್ಕೆ ನಾನು ಹೋದೆ, ಹಿಂದಿನ ಸಾಲಿನಲ್ಲಿ ಕೂತೆ. ಕೆಟ್ಟದಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಟ್ಟದಾಗಿರಲಿಲ್ಲ. ಎಲ್ಲರೂ ಹದಿನಾಲ್ಕಕ್ಕೆ ಕೂಡಿ ಬಂದರು, ಮಂದಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಒಬ್ಬ ಹಿರಿಯರು ತಮ್ಮ ಜೊತೆಯವರಿಗೆ, "ಭಾಳ ಛಲೋ ಆತು, ಆದ್ರ ಬಾರಸೂದ್ರಾಗ ಎಲ್ಲೂ ಕುಂಡ್ರಾಕ ಜಾಗಾನ ಇಲ್ಲ ನೋಡ್ರಿ," ಎಂದರು. ಅಷ್ಟೆ. ಬೇರೆ ಯಾರಿಗೂ ಏನೂ ಅನ್ನಿಸಿದಂತಿರಲಿಲ್ಲ.

ಒಂದು ತಿಂಗಳ ಮೇಲಾಗಿತ್ತು. ಊಟದ ಹೊತ್ತು, ಅಂಗಡಿ ಖಾಲಿ. ಅಣ್ಣ ಬಂದು ರಿಮ್ಮುಗಳ ಮೇಲೆ ಕೂತ. ಗಾಜಿನ ಹಿಂದಿನ ಲ್ಯಾಮಿನೇಟ್ ಮಾಡಿದ ಪುಟವನ್ನು ನೋಡಿದ. ನಾನು ಅದನ್ನು ತೆಗೆಯಬೇಕೆಂದು ಮಾಲೀಕರಿಗೆ ಎರಡು ಸಲ ಹೇಳಿದ್ದೆ.

"ತಗಿ ಅದನ್ನ," ಎಂದ. ತೋರಿಸಿದ್ದು ಗಾಜನ್ನಲ್ಲ, ಕಂಪ್ಯೂಟರನ್ನು.

ಕಡತ ತೆರೆದೆ. ಎರಡನೇ ಖಾನೆಯ ಕೊನೆಗೆ ಹೋಗಿ ಅರ್ಧ ಮಾತ್ರೆಯ ವಿರಾಮ ಸೇರಿಸಿದೆ. ಮೂಲೆಯಲ್ಲಿ ಕೂಡಿಸುವ ಚಿಹ್ನೆ ಮೂಡಿತು. ನಾಲ್ಕನೇ ಖಾನೆ. ಆರನೆಯದು. ಅವನು ಒಂದೊಂದನ್ನೂ ಬಾಯಲ್ಲಿ ಎಣಿಸುತ್ತ ಕೂತಿದ್ದ. ಮೂವತ್ತೆರಡೂ ಆದವು.

"ಅದೇನು ಮ್ಯಾಲೆ, ಕೂಡಸೂದು?"

"ಅಳತಿಗಿಂತ ಹೆಚ್ಚಾಗೇತಿ ಅಂತ ಹೇಳ್ತೈತಿ. ಬ್ಯಾಡಂದ್ರ ಅಳತೀನ ಬದಲ ಮಾಡಿ ತಗೀಬಹುದು."

"ಇರ್ಲಿ ಬಿಡು. ಹೇಳ್ಲಿ."

ಅವನು ಮತ್ತೆ ಕರಡಿಯ ಹಗ್ಗ ಬಿಗಿದಿದ್ದಾನೆ. ಓಣಿಯವರ ಒಂದೆರಡು ಮೆರವಣಿಗೆಗೆ ಹೋಗಿಬಂದ. ನನ್ನ ಜೊತೆ ಮಾತಾಡುತ್ತಾನೆ, ಬೇಕಾದಷ್ಟೇ. ಧಾರವಾಡದ ಆ ವೇದಿಕೆಯನ್ನು ಮತ್ತೆ ಅವನಿಗೆ ಕೊಡಿಸುವುದು ನನ್ನಿಂದ ಆಗಿಲ್ಲ.

ತಿದ್ದಿದ ಪ್ರತಿಯನ್ನು ಸರ್ ಅವರಿಗೆ ಕಳಿಸಿದೆ, ಅವರು ತಮ್ಮ ವಿದ್ಯಾರ್ಥಿಗಳಿಗೆ ಕಳಿಸಿದರು. ಆದರೆ ಹಳೆಯದು ಆಗಲೇ ಮೊಬೈಲಿನಿಂದ ಮೊಬೈಲಿಗೆ ಹೋಗಿಬಿಟ್ಟಿದೆ. ಮೊನ್ನೆ ಅಪರಿಚಿತ ಹುಡುಗನೊಬ್ಬ ಅದನ್ನೇ ಪ್ರಿಂಟ್ ತೆಗೆಸಲು ನಮ್ಮ ಅಂಗಡಿಗೇ ಬಂದ. ಕೆಳಗೆ ಲಿಪಿಕಾರರು ಎಂದು ನನ್ನ ಹೆಸರಿತ್ತು. ಅದಕ್ಕೇ ಇಷ್ಟನ್ನು ಬರೆದದ್ದು. ಆ ಕಾಗದ ನಿಮ್ಮ ಬಳಿ ಇದ್ದರೆ ಪ್ರತಿ ಎರಡನೇ ಖಾನೆಯ ಕೊನೆಗೆ ಪೆನ್ನಿನಿಂದ ಅರ್ಧ ಮಾತ್ರೆಯ ವಿರಾಮ ಹಾಕಿಕೊಳ್ಳಿ. ಜೊತೆಗೆ ಶಹನಾಯಿ ಇರಲಿ, ಇಲ್ಲದಿರಲಿ, ಅಲ್ಲಿ ಕೈ ನಿಲ್ಲಿಸಿ. ಎಣಿಸುವಾಗ ಮಾತ್ರ ಹದಿನಾಲ್ಕೇ ಎಣಿಸಿ. ಆ ಅರ್ಧ ನಿಮ್ಮದಲ್ಲ.